ತಮಿಳು ಬಾರದ ನಾಯಿ

ನಾಯಿಗಳನ್ನು ಕಾಪಾಡುವ ಹೆಂಗಸು ಅಂದರೆ ಜನ ಕರುಣಾಮಯಿ ಅಂದುಕೊಳ್ಳುತ್ತಾರೆ. ನನ್ನ ಕರುಣೆಯೆಲ್ಲ ನಾಯಿಗಳ ಪಾಲಿಗೆ ಖರ್ಚಾಗಿಬಿಡುತ್ತದೆ. ಅವನ್ನು ತಂದು ಬಿಟ್ಟುಹೋದವರಿಗೆ ಕೊಡಲು ನನ್ನ ಹತ್ತಿರ ಉಳಿದಿರುವುದು ಹಗೆ ಮಾತ್ರ. ಸೇಲಂ ಬಿಸಿಲಿಗೆ ಸೇಂಟ್ ಬರ್ನಾರ್ಡ್ ತಂದು ಸಾಕಿ, ಎರಡನೇ ಬೇಸಿಗೆಗೆ ಬೇಸರವಾಗಿ ಕೆರೆ ಏರಿಯ ಮೇಲೆ ಇಳಿಸಿ ಹೋದ ಡಾಕ್ಟರೊಬ್ಬನಿದ್ದಾನೆ. ಟೌನ್ ಬಸ್ಸು ಅವನ ಕ್ಲಿನಿಕ್ ದಾಟುವಾಗ ಇವತ್ತಿಗೂ ಕಿಟಕಿ ಕಡೆ ತಿರುಗಿ ಬಾಯಲ್ಲೇ ಶಾಪ ಹಾಕುತ್ತೇನೆ. ಪಕ್ಕದ ಸೀಟಿನವರು ಯಾವುದೋ ಸ್ತೋತ್ರ ಹೇಳುತ್ತಿದ್ದಾಳೆ ಅಂದುಕೊಂಡು ಜಾಗ ಬಿಟ್ಟು ಕೂರುತ್ತಾರೆ.

ನಮ್ಮದು ನೇಯ್ಗೆಯವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಯಾವಾಗ ಯಾವುದು ಆಡುತ್ತೇವೆ ಅಂತ ನಮಗೇ ಗೊತ್ತಾಗುವುದಿಲ್ಲ. ಮಾವ ಇದ್ದಾಗ ಹಿಂದಿನ ಕೋಣೆಯಲ್ಲಿ ನಾಲ್ಕು ಕುಣಿಮಗ್ಗ ಆಡುತ್ತಿದ್ದವು. ಮಗ್ಗಗಳು ಹೋದವು, ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಗಳು ಉಳಿದವು. ಆ ಕುಣಿಗಳ ತಣ್ಣನೆ ಮಣ್ಣು ದೊಡ್ಡ ಜಾತಿಯ ನಾಯಿಗಳಿಗೆ ಸ್ವರ್ಗ. ರಾಟ್‌ವೀಲರ್, ಡೇನ್, ಮಾಸ್ಟಿಫ್, ಯಾವುದು ಬಂದರೂ ಒಂದು ದಿನದಲ್ಲಿ ತನ್ನ ಕುಣಿ ಆರಿಸಿಕೊಳ್ಳುತ್ತದೆ. ನನ್ನ ಗಂಡ ರೈಲ್ವೆ ಗುಮಾಸ್ತರಾಗಿ ನಿವೃತ್ತರಾದವರು. ಅಪ್ಪ ನೇಯ್ದ ಜಾಗದಲ್ಲಿ ನಾಯಿ ಮಲಗಿಸಿದೆಯಲ್ಲೇ ಅಂತ ಮೊದಮೊದಲು ಮುಖ ಊದಿಸಿಕೊಂಡಿದ್ದರು. ಈಗ ಅವುಗಳಿಗೆ ಮೊಟ್ಟೆ ಬೇಯಿಸುವವರೇ ಅವರು.

ಬಂದ ನಾಯಿಯನ್ನು ಇಟ್ಟುಕೊಳ್ಳುವುದು ನಮ್ಮ ಪದ್ಧತಿಯಲ್ಲ. ಆರೈಕೆ ಮಾಡಿ, ಸರಿಯಾದ ಮನೆ ಹುಡುಕಿ ಕೊಡುವುದು. ಕೇಳಿಕೊಂಡು ಬಂದವರು ಫಾರಂ ತುಂಬಬೇಕು, ನಾನು ಅವರ ಮನೆಗೆ ಹೋಗಿ ಗೋಡೆ, ಗೇಟು, ಮನೆಮಂದಿಯ ಮುಖ ಎಲ್ಲ ನೋಡಿ ಬರಬೇಕು. ಹೆಣ್ಣು ಕೊಡುವವರೂ ಇಷ್ಟು ವಿಚಾರಿಸುವುದಿಲ್ಲ ಅಂತ ಬೈದು ಹೋದವರಿದ್ದಾರೆ. ಹೋಗಲಿ, ನನಗೇನು.

ಈಗ ಹೇಳಹೊರಟ ಡೇನ್ ನಾಯಿಯ ವಿಷಯ ಬಂದದ್ದು ನಲ್ಲಂಪಳ್ಳಿಯಿಂದ. ಹೈವೇ ಪಕ್ಕದ ಟೀ ಅಂಗಡಿಯ ಹೆಂಗಸು ಫೋನ್ ಮಾಡಿದ್ದಳು. ಕರುವಿನೆತ್ತರದ ನಾಯಿ, ಮುಚ್ಚಿದ ಪಂಕ್ಚರ್ ಅಂಗಡಿ ಮುಂದೆ ನಾಲ್ಕು ದಿನದಿಂದ ಬಿದ್ದಿದೆ, ಯಾರು ಏನು ಹಾಕಿದರೂ ತಿನ್ನುವುದಿಲ್ಲ, ಹತ್ತಿರ ಹೋದರೆ ಗುರ್ರೆನ್ನುತ್ತದೆ, ಹುಚ್ಚು ಹಿಡಿದಿರಬೇಕು ಅಂತ ಊರವರು ಹೊಡೆದು ಹಾಕುವ ಮಾತಾಡುತ್ತಿದ್ದಾರೆ ಎಂದಳು. ನಮಗೆ ಯಾವಾಗಲೂ ಬರುವ ಲೋಡ್ ವ್ಯಾನಿನ ಡ್ರೈವರನ್ನು ಕರೆದುಕೊಂಡು ಹೊರಟೆ.

ಹೋಗಿ ನೋಡಿದೆ. ಹೆಣ್ಣು ಗ್ರೇಟ್ ಡೇನ್, ಗೋಧಿ ಬಣ್ಣ, ಪಕ್ಕೆಲುಬು ಒಂದೊಂದೂ ಎಣಿಸಬಹುದಿತ್ತು. ಕೊರಳಲ್ಲಿ ಪಟ್ಟಿ ಇದ್ದ ಗುರುತು ಇತ್ತು, ಪಟ್ಟಿ ಇರಲಿಲ್ಲ. ಬಿಟ್ಟವನು ಅದನ್ನೂ ಬಿಚ್ಚಿಕೊಂಡು ಹೋಗಿದ್ದ. ಅದರ ಮುಂದೆ ಬನ್ನು, ಅನ್ನ, ಬಿಸ್ಕತ್ತು ಎಲ್ಲ ಸಾಲಾಗಿ ಬಿದ್ದು ಇರುವೆ ಮುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಸಿಟ್, ಕಮ್ ಎಂದೆ. ಸೀಮೆ ನಾಯಿಗೆ ಇಂಗ್ಲಿಷೇ ಮಾತಾಡಬೇಕು ಅನ್ನುವುದು ನಮ್ಮ ಕಡೆಯ ಶಾಸ್ತ್ರ. ಅದು ಹಲ್ಲು ತೋರಿಸಿತು. ಡ್ರೈವರ್ ತಮಿಳಿನಲ್ಲಿ 'ಉಕ್ಕಾರು, ಉಕ್ಕಾರು' ಅಂತ ಕೂರಿಸಲು ನೋಡಿದ. ಗುರುಗುಟ್ಟುವುದು ಜಾಸ್ತಿಯಾಯಿತು. ಒಂದು ಗಂಟೆ ಬಿಸಿಲಲ್ಲಿ ನಿಂತು ನನ್ನ ತಲೆ ಕೆಟ್ಟಿತು, ಮನೆಯಲ್ಲಿ ಗಂಡನನ್ನು ಗದರಿಸುವ ದನಿಯಲ್ಲಿ ಬಾಯಿಂದ ಬಂದೇಬಿಟ್ಟಿತು: "ಏ, ಸುಮ್ಕೆ ಕೂತ್ಕಳೇ ತಾಯಿ."

ನಾಯಿ ಕೂತಿತು.

ಕೂತದ್ದಷ್ಟೇ ಅಲ್ಲ, ಮುಂಗಾಲು ಎತ್ತಿ ನನ್ನ ಕಡೆ ಚಾಚಿತು. 'ಬಾ' ಎಂದೆ, ಬಂತು. 'ಅತ್ತು' ಎಂದೆ, ವ್ಯಾನು ಹತ್ತಿತು. ಡ್ರೈವರ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಸೇಲಂವರೆಗೂ ಅದರ ಪಕ್ಕ ಕೂತು ಬಂದೆ, ಮನಸ್ಸಿನಲ್ಲಿ ಒಂದೇ ಮಾತು ಕುದಿಯುತ್ತಿತ್ತು. ಇದನ್ನು ಬಿಟ್ಟವನು ಯಾವನೋ ಅಲ್ಲ, ನಮ್ಮವನು. ನಮ್ಮ ಮಾತಾಡುವ ಮನೆಯವನು.

ಮನೆಗೆ ತಂದು ಅನ್ನ ಮೊಟ್ಟೆ ಕಲಸಿ ಇಟ್ಟರೆ ಮುಟ್ಟಲಿಲ್ಲ. ತಟ್ಟೆಯ ಮುಂದೆ ಮುಂಗಾಲು ಚಾಚಿ, ತಲೆಯನ್ನು ಕಾಲಿನ ಮೇಲಿಟ್ಟು, ಕಣ್ಣೆತ್ತಿ ನನ್ನ ಬಾಯನ್ನೇ ನೋಡುತ್ತಿತ್ತು. ಜೊಲ್ಲು ಧಾರೆಯಾಗಿ ಸುರಿಯುತ್ತಿದೆ, ತಿನ್ನುತ್ತಿಲ್ಲ. ತಿನ್ನು ಎಂದೆ, ತಿನ್ಕಳೇ ಎಂದೆ, ಕಾಲಿಗೆ ಬೀಳುತ್ತೇನೆ ಎಂದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನ ಗಂಡ ಮೆಲ್ಲಗೆ ಹೇಳಿದರು: "ಇದು ಸಾಮಿ ಕೈ ಮುಗೀತಾ ಐತೆ ಕಣೇ. ಯಾರೋ ಅಜ್ಜಿ ಸಾಕಿರಾದು. ಉಣ್ಣು ಅನ್ನು."

ನಾನು 'ಉಣ್ಣು' ಎಂದೆ. ಒಂದು ನಿಮಿಷದಲ್ಲಿ ತಟ್ಟೆ ಬರಿದಾಯಿತು.

ನಾನು ಅಲ್ಲೇ ಗೋಡೆಗೊರಗಿ ಕೂತು ಅತ್ತೆ. ಎದುರಿಗೆ ಅನ್ನ ಇಟ್ಟುಕೊಂಡು ನಾಲ್ಕು ದಿನ ಉಪವಾಸ ಬಿದ್ದಿತ್ತಲ್ಲ, ಆ ಒಂದು ಮಾತು ಹೇಳುವವರಿಲ್ಲದೆ. ಅಳು ಮುಗಿದ ಮೇಲೆ ಕೋಪ ನೆತ್ತಿಗೇರಿತು. ಬಿಟ್ಟವನನ್ನು ಹುಡುಕುತ್ತೇನೆ, ಹುಡುಕಿ ನಾಲ್ಕು ಜನರ ಮುಂದೆ ಅವನ ಮುಖಕ್ಕೆ ಮಸಿ ಬಳಿಯುತ್ತೇನೆ ಅಂತ ಸಾಮಿ ಫೋಟೋ ಮುಂದೆ ಹೇಳಿಕೊಂಡೆ. ದೇವರ ಮುಂದೆ ಅಂಥ ಮಾತಾಡಬೇಡವೇ ಅಂದರು ಗಂಡ. ಆ ದೇವರಿಗೂ ಗೊತ್ತಾಗಲಿ ಎಂದೆ.

ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಜನದ ಹೆಂಗಸರದ್ದು ಫೋನಿನಲ್ಲಿ ಒಂದು ಗುಂಪಿದೆ. ಹಪ್ಪಳದಿಂದ ಹಿಡಿದು ಹುಡುಗಿ ಜಾತಕದವರೆಗೆ ಎಲ್ಲ ಅಲ್ಲಿ ಓಡಾಡುತ್ತದೆ. ನಾಯಿ ಸಿಕ್ಕಿದ ವಿಷಯ ಬಾಯಿ ಬಿಡದೆ, ಬಹಳ ಮುಗ್ಧಳಂತೆ ಕೇಳಿದೆ: ಊಟಕ್ಕೆ ಮುಂಚೆ ನಾಯಿಗೆ ಕೈ ಮುಗಿಯೋದು ಕಲಿಸಿದ್ದಾರಂತಲ್ಲ, ಯಾರ ಮನೇಲಿ, ನನಗೂ ಕಲಿಸೋದು ಹೇಗೆ ಅಂತ ತಿಳೀಬೇಕು. ಸಂಜೆಯೊಳಗೆ ಉತ್ತರ ಬಂತು. ಮೂರು ಬೀದಿ ಆಚೆ ರೇಷ್ಮೆ ಸೀರೆ ವ್ಯಾಪಾರದವರ ತಾಯಿ ಕಲಿಸಿದ್ದು. ಆದರೆ ಪಾಪ, ಆ ನಾಯಿ ಹೋದ ವಾರ ಆಸ್ಪತ್ರೆಯಲ್ಲಿ ಸತ್ತುಹೋಯಿತು, ಮುದುಕಿ ಮೂರನೇ ದಿನ ಮನುಷ್ಯರಿಗೆ ಮಾಡಿದ ಹಾಗೆ ಹಾಲು ತುಪ್ಪ ಬಿಟ್ಟು, ಈಗಲೂ ಸರಿಯಾಗಿ ಉಣ್ಣುತ್ತಿಲ್ಲ.

ಆ ಸೀರೆ ವ್ಯಾಪಾರದವನನ್ನು ನಾನು ಬಲ್ಲೆ. ನಮ್ಮ ಜನದ ಸಂಘದಲ್ಲಿ ಯಾವಾಗಲೂ ಮುಂದಿನ ಸಾಲಿನ ಕುರ್ಚಿ. ಬಾಯಿಬಿಟ್ಟರೆ ಧರ್ಮ, ಸಂಸ್ಕಾರ. ಬದುಕಿರುವ ನಾಯಿಯನ್ನು ನಲ್ಲಂಪಳ್ಳಿಯಲ್ಲಿ ಇಳಿಸಿ ಬಂದು, ಹೆತ್ತ ತಾಯಿಯ ಕೈಯಲ್ಲಿ ಹಾಲು ತುಪ್ಪ ಬಿಡಿಸಿದವನು! ನೇರವಾಗಿ ಹೋಗಿ ಬೈದು ಬರಬಹುದಿತ್ತು. ಬೈದರೆ ಕೇಳಿ ಬಾಗಿಲು ಹಾಕಿಕೊಳ್ಳುತ್ತಾನೆ ಅಷ್ಟೆ. ನನಗೆ ಅಷ್ಟು ಸಾಲದು.

ನಾಯಿ ಮೈ ತುಂಬಿಕೊಳ್ಳಲು ಹತ್ತು ದಿನ ಬಿಟ್ಟು ಅದರ ಚೆಂದದ ಫೋಟೋ ತೆಗೆದು ಅದೇ ಗುಂಪಿಗೆ ಹಾಕಿದೆ. ಒಳ್ಳೆಯ ಮನೆ ಬೇಕಾಗಿದೆ, ಅಷ್ಟೇ ಬರೆದೆ. ಫೋಟೋ ಮುದುಕಿಯ ಕಣ್ಣಿಗೆ ಬೀಳುತ್ತದೆ, ಅವಳು ಮಗನನ್ನು ಅಟ್ಟುತ್ತಾಳೆ ಅಂತ ನನಗೆ ಗೊತ್ತಿತ್ತು. ಮೂರನೇ ದಿನ ಬೆಳಿಗ್ಗೆ ಅವನೇ ನಮ್ಮ ಬಾಗಿಲಿಗೆ ಬಂದ. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ನಮ್ಮ ನಾಯಿ ತೀರಿಹೋಯಿತು ಅಕ್ಕಾ, ಅದೇ ತರಹದ್ದು ನಿಮ್ಮಲ್ಲಿ ಇದೆಯಂತೆ, ಅವ್ವ ಹಟ ಹಿಡಿದಿದ್ದಾಳೆ ಅಂತ ವಿನಯದಿಂದ ಕೇಳಿದ. ಅವನ ಲೆಕ್ಕ ನನಗೆ ಅರ್ಥವಾಯಿತು. ಫೋಟೋ ನೋಡಿದೊಡನೆ ತನ್ನದೇ ಅಂತ ಅವನಿಗೆ ಗೊತ್ತಾಗಿದೆ. ಅದನ್ನೇ ಇನ್ನೊಂದು ನಾಯಿ ಅಂತ ಒಳಗೆ ತಂದುಕೊಂಡರೆ ತಾಯಿ ಸುಮ್ಮನಾಗುತ್ತಾಳೆ, ಸುಳ್ಳೂ ಸುಳ್ಳಾಗಿಯೇ ಉಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನಾನು ನಗುತ್ತಾ ಕುರ್ಚಿ ಹಾಕಿ ಫಾರಂ ಕೈಗೆ ಕೊಟ್ಟೆ. ನಮ್ಮ ಫಾರಂ ತಮಿಳಿನಲ್ಲಿರುತ್ತದೆ. ಅದರಲ್ಲಿ ಒಂದು ಪ್ರಶ್ನೆ: ಇದಕ್ಕೆ ಮುಂಚೆ ನೀವು ಸಾಕಿದ ನಾಯಿ ಏನಾಯಿತು? ಅವನ ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ, ಕಾಯಿಲೆಯಿಂದ ಸತ್ತಿತು ಅಂತ ಬರೆದು ಸಹಿ ಹಾಕಿದ. ನನಗೆ ಬೇಕಾಗಿದ್ದದ್ದು ಅದೇ. ನಾಯಿಯನ್ನು ತೋರಿಸಲಿಲ್ಲ. ಮನೆ ನೋಡಲು ಶುಕ್ರವಾರ ಸಂಜೆ ಬರುತ್ತೇನೆ ಎಂದೆ. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ಭಜನೆ ಮಾಡುತ್ತಾರೆ ಅನ್ನುವುದನ್ನು ಮೊದಲೇ ವಿಚಾರಿಸಿಕೊಂಡಿದ್ದೆ.

ಮನೆ ಹೊಸದಾಗಿ ಕಟ್ಟಿಸಿದ ಹಾಗಿತ್ತು. ನೆಲಕ್ಕೆಲ್ಲ ಕನ್ನಡಿ ಹೊಳಪಿನ ಗ್ರಾನೈಟು. ಭಜನೆ ಮುಗಿದು ಕಡಲೆ ಉಸಲಿ ಹಂಚುತ್ತಿದ್ದರು. ನಾನು ಟೇಪು ಹಿಡಿದು ಗೋಡೆ ಅಳೆದೆ, ಗೇಟು ಅಲ್ಲಾಡಿಸಿ ನೋಡಿದೆ, ಎಲ್ಲರಿಗೂ ಕಾಣುವಂತೆ. ಆಮೇಲೆ ನಡುಮನೆಯಲ್ಲಿ ಕೂತು ಫಾರಂ ತೆಗೆದು ಒಂದೊಂದಾಗಿ ಗಟ್ಟಿಯಾಗಿ, ಕನ್ನಡದಲ್ಲಿ ಓದಿದೆ. ಮುಂಚೆ ಸಾಕಿದ ನಾಯಿ ಕಾಯಿಲೆಯಿಂದ ಸತ್ತಿತು ಎಂದು ಬರೆದಿದ್ದೀರಿ, ಯಾವ ಕಾಯಿಲೆ, ಎಲ್ಲಿ ಮಣ್ಣು ಮಾಡಿದಿರಿ ಅಂತ ಕೇಳಿದೆ. ಅವನು, ಆಸ್ಪತ್ರೆಯವರೇ ಎಲ್ಲ ನೋಡಿಕೊಂಡರು ಎಂದ. ಅವನ ತಾಯಿ ಮೂಲೆಯಲ್ಲಿ ಕಂಬಕ್ಕೊರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಣ್ಣ ಜೀವ, ಕೂತರೆ ಆ ನಾಯಿಯ ಭುಜಕ್ಕೂ ಬರಲಾರದು.

ನಾನು ವ್ಯಾನಿನ ಡ್ರೈವರನಿಗೆ ಕೈ ಸನ್ನೆ ಮಾಡಿದೆ.

ನಾಯಿ ಒಳಗೆ ಬಂತು. ಹೊಳೆಯುವ ನೆಲದ ಮೇಲೆ ಕಾಲು ಜಾರುತ್ತಿತ್ತು. ನನ್ನನ್ನಾಗಲಿ, ಕೂತ ಹೆಂಗಸರನ್ನಾಗಲಿ ನೋಡದೆ ನೇರವಾಗಿ ಮೆಟ್ಟಿಲ ಕೆಳಗಿನ ಜಾಗಕ್ಕೆ ಹೋಯಿತು. ಅಲ್ಲಿ ಈಗ ಚಪ್ಪಲಿ ಇಡುವ ಬೀರು ಇತ್ತು. ಬೀರುವಿಗೆ ಮೂತಿ ಒತ್ತಿಕೊಂಡು ಸುಮ್ಮನೆ ನಿಂತಿತು. ಮುದುಕಿ ಎದ್ದಳು. ಯಾರನ್ನೂ ಏನೂ ಕೇಳದೆ ಒಂದು ತಟ್ಟೆಗೆ ಉಸಲಿ ಹಾಕಿ ನಾಯಿಯ ಹತ್ತಿರ ಇಟ್ಟಳು. ನಾಯಿ ತಿರುಗಿ, ಮುಂಗಾಲು ಚಾಚಿ, ಕಾಲ ಮೇಲೆ ತಲೆಯಿಟ್ಟು ಅವಳ ಬಾಯನ್ನು ನೋಡಿತು.

ಅವಳು ಆ ಮಾತು ಹೇಳಲಿಲ್ಲ. ಮಗನ ಕಡೆ ತಿರುಗಿದಳು.

"ಮೂರ್ನೇ ದಿವ್ಸ ಆಲು ಬುಟ್ನಲ್ಲ," ಎಂದಳು. "ಯಾರಿಗ್ಲಾ ಬುಟ್ಟೆ ನಾನು?"

ನಾನು ಹದಿನೈದು ದಿನದಿಂದ ಅವನ ಮುಖ ನೋಡಬೇಕು ಅಂತ ಕಾದಿದ್ದೆ. ಆ ಗಳಿಗೆ ಬಂದಾಗ ನನ್ನ ಕಣ್ಣು ಅವನ ಮೇಲೆ ನಿಲ್ಲಲೇ ಇಲ್ಲ. ನಾಯಿ ಸತ್ತಿತು ಅಂತ ನಂಬಿ ಹಾಲು ಬಿಟ್ಟ ಮುದುಕಿಯ ಕೈಯನ್ನೇ ನೋಡುತ್ತಿದ್ದೆ. ಅವಳಿಗೆ ನಾನು ಮೊದಲೇ ಒಬ್ಬಳಿಗೇ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಜನ ಬೇಕಿತ್ತು. ಅದನ್ನು ನಾನು ಈಗಲೂ ಮುಚ್ಚಿಡುವುದಿಲ್ಲ.

ಅವನು ತಮಿಳಿಗೆ ಜಾರಿದ. ಕಷ್ಟ ಬಂದಾಗ ನಮ್ಮ ಗಂಡಸರು ಆಫೀಸಿನಲ್ಲಿ ನಿಂತವರ ಹಾಗೆ ತಮಿಳು ಆಡುತ್ತಾರೆ. ನಾಯಿಗೆ ಸೊಂಟ ಸೋತಿತ್ತು, ಹೊಸ ನೆಲದ ಮೇಲೆಲ್ಲ ಉಚ್ಚೆ, ಮಗಳಿಗೆ ಸಂಬಂಧ ನೋಡಲು ಬರುವವರು ಹೆದರುತ್ತಾರೆ, ಇಷ್ಟು ಒಳ್ಳೆ ಜಾತಿಯ ನಾಯಿ, ಯಾರಾದರೂ ಕೊಂಡುಹೋಗುತ್ತಾರೆ ಅಂದುಕೊಂಡೆ ಎಂದ. ನಾನು ಕೇಳಿದೆ: "ಅದುಕ್ಕೆ ತಮಿಳು ಬರಾಕಿಲ್ಲ ಅಂತ ನಿಂಗೊತ್ತಿರ್ಲಿಲ್ವಾ ತಮ್ಮಾ? ಉಣ್ಣು ಅನ್ನೋರಿಲ್ದೆ ನಾಕು ದಿವ್ಸ ಅನ್ನದ ಮುಂದೆ ಬಿದ್ದಿತ್ತು."

ಅವನು ಪಿಳಿಪಿಳಿ ನೋಡಿದ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ತನ್ನ ಮನೆಯಲ್ಲಿ ಯಾವ ಮಾತು ನಡೆಯುತ್ತದೆ ಅನ್ನುವುದನ್ನೇ ಅವನು ಯೋಚಿಸಿದವನಲ್ಲ. ಆರು ವರ್ಷ ಆ ಕಿವಿಗೆ ಬಿದ್ದದ್ದು ಅವನ ತಾಯಿಯ ಮಾತು ಒಂದೇ. ಅದು ತಿಳಿದ ಮೇಲೆ ಅವನ ಮುಖ ಬಿದ್ದುಹೋಯಿತು. ನನ್ನ ಹೊಟ್ಟೆ ತಣ್ಣಗಾಯಿತು, ಇಲ್ಲ ಅಂದರೆ ಸುಳ್ಳಾಗುತ್ತದೆ.

ಆಮೇಲೆ ಅವನು ಎಲ್ಲರ ಮುಂದೆ ತಪ್ಪಾಯಿತು ಎಂದ, ಇನ್ನು ಮುಂದೆ ರಾಣಿಯ ಹಾಗೆ ಸಾಕುತ್ತೇನೆ ಎಂದ. ಆಯ್ತು ಬಿಡಿ, ತಪ್ಪು ಒಪ್ಪಿಕೊಂಡನಲ್ಲ ಅಂತ ಹೆಂಗಸರೂ ಸುರುಮಾಡಿದರು. ಫಾರಂ ನನ್ನ ಕೈಯಲ್ಲಿತ್ತು. ಅವನಿಗೆ ಕೊಡುವುದಿಲ್ಲ ಅಂತ ನಾನು ಮೊದಲ ದಿನವೇ ತೀರ್ಮಾನಿಸಿದ್ದೆ. ಆದರೆ ಅವನಿಗೆ ಇಲ್ಲ ಅಂದರೆ ಮುದುಕಿಗೂ ಇಲ್ಲ ಅಂದಂತೆ. ಮುದುಕಿ ನಾಯಿಯ ತಲೆ ಮುಟ್ಟಿ 'ಉಣ್ಣು' ಎಂದಳು. ಅದು ತಿಂದು ಮುಗಿಸುವವರೆಗೂ ಕಾದು ನನ್ನ ಕಡೆ ನೋಡಿದಳು.

"ಕೊಡಬ್ಯಾಡ ತಾಯಿ. ಈ ಮನೇಗೆ ಕೊಡಬ್ಯಾಡ. ನಾನು ಕಣ್ಮುಚ್ಚಿದ್ರೆ ತಿರ್ಗಾ ಬುಟ್ಟು ಬತ್ತಾನೆ."

ಮೆಟ್ಟೂರಿನಲ್ಲಿ ಒಬ್ಬರು ನಾಯಿ ಕೇಳಿದ್ದರು. ಗಂಡ ಥರ್ಮಲ್ ಪವರ್ ಸ್ಟೇಷನ್‌ನಿಂದ ನಿವೃತ್ತ, ಹೆಂಡತಿ ಟೀಚರಾಗಿದ್ದವರು, ಹಿಂದೆ ಡೇನ್ ಸಾಕಿ ಅದು ಮುದಿಯಾಗಿ ಸಾಯುವವರೆಗೂ ಎತ್ತಿ ಮಲಗಿಸಿದವರು. ಮನೆ ನೋಡಿ ಬಂದೆ, ಒಂದು ಕುಂದೂ ಸಿಗಲಿಲ್ಲ. ಇಬ್ಬರಿಗೂ ಕನ್ನಡ ಒಂದಕ್ಷರ ಬಾರದು. ಆ ಟೀಚರಮ್ಮನಿಗೆ 'ಉಣ್ಣು' ಅನ್ನುವುದನ್ನು ಕಲಿಸಿಬಿಟ್ಟರೆ ಆಯಿತು ಎಂದೆ ನಾನು. ಮುದುಕಿ ಒಪ್ಪಲಿಲ್ಲ. ಒಂದು ಮಾತಿಗೆ ಒಂದು ಜೀವ ನೇತುಹಾಕಿ ನಾನೇ ತಪ್ಪು ಮಾಡಿದೆ, ನಾಳೆ ಆ ಅಮ್ಮನೂ ಇಲ್ಲದಿದ್ದರೆ ಏನು ಗತಿ, ಅದು ಯಾರ ಕೈಯಲ್ಲಾದರೂ ತಿನ್ನಬೇಕು, ನಾನೇ ಬಂದು ತಮಿಳು ಕಲಿಸುತ್ತೇನೆ ಎಂದಳು.

ದಿನಾ ಬಂದಳು, ಒಂದು ತಿಂಗಳ ಹತ್ತಿರ. ಬಿಟ್ಟುಹೋಗಲು, ಕರೆದುಕೊಂಡು ಹೋಗಲು ಮಗನೇ ಬರಬೇಕು ಅಂತ ಅವಳದ್ದೇ ಹಟ. ಅವಳು ಹಿಂದಿನ ಕೋಣೆಯಲ್ಲಿ ಕುಣಿಯ ಅಂಚಿಗೆ ಕೂತು, ಮೊದಲು 'ಉಣ್ಣು' ಎಂದು ಅದರ ಹಿಂದೆಯೇ 'ಸಾಪ್ಪಿಡು' ಅನ್ನುವಳು. ಅವಳ ತಮಿಳು ಅಂಗಡಿಗೆ, ಬಸ್ಸಿಗೆ ಆಗುವಷ್ಟು. ಮನೆಯಲ್ಲಿ ಮುದ್ದಿಗೂ ಬೈಗುಳಕ್ಕೂ ಕನ್ನಡವೇ. ಆ ತಮಿಳು ಮಾತು ಅವಳ ಬಾಯಲ್ಲಿ ಒರಟಾಗಿ ಬರುತ್ತಿತ್ತು, ನಾಯಿ ಗಲಿಬಿಲಿಯಾಗಿ ಕಿವಿ ಹಿಂದಕ್ಕೆ ಹಾಕುತ್ತಿತ್ತು. ದಿನ ಕಳೆದ ಹಾಗೆ 'ಉಣ್ಣು' ಅನ್ನುವುದನ್ನು ಮೆಲ್ಲಗೆ ಮಾಡುತ್ತಾ ಬಂದಳು. ಕೊನೆಗೆ ತುಟಿ ಮಾತ್ರ ಆಡುತ್ತಿತ್ತು, ದನಿ ಇರಲಿಲ್ಲ.

ಅಷ್ಟು ಹೊತ್ತೂ ಅವನು ಬೀದಿಯಲ್ಲಿ ಕಾರಿನಲ್ಲಿ ಕೂತಿರಬೇಕು. ನಮ್ಮ ಬೀದಿಗೆ ನೆರಳಿಲ್ಲ. ಒಳಗೆ ಬನ್ನಿ ಅಂತ ಒಂದು ದಿನವೂ ಕರೆಯಲಿಲ್ಲ, ನೀರು ಕೊಡಲಿಲ್ಲ. ಯಾರಿದು ಅಂತ ಬೀದಿಯವರು ಕೇಳಿದರೆ ಪೂರ್ತಿ ಕತೆ ಹೇಳಿದೆ, ಕೇಳದವರನ್ನೂ ಕರೆದು ಹೇಳಿದೆ. ಒಂದು ಮಧ್ಯಾಹ್ನ ನನ್ನ ಗಂಡ ಕದ್ದು ಅವನಿಗೆ ಮಜ್ಜಿಗೆ ಕೊಟ್ಟು ಬಂದರು. ಆ ದಿನ ನಾನು ಅವರಿಗೆ ಮಜ್ಜಿಗೆ ಬಡಿಸಲಿಲ್ಲ.

ಕೊನೆಯ ದಿನ ಮೆಟ್ಟೂರಿನ ದಂಪತಿ ಬಂದರು. ಟೀಚರಮ್ಮ ತಟ್ಟೆ ಇಟ್ಟರು. ನಾಯಿ ತಲೆ ಕಾಲ ಮೇಲಿಟ್ಟು, ಅಭ್ಯಾಸದಂತೆ ಮುದುಕಿಯ ಕಡೆ ನೋಡಿತು. ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಟೀಚರಮ್ಮ ಮಗುವನ್ನು ಮುದ್ದಿಸುವ ಹಾಗೆ 'ಸಾಪ್ಪಿಡು ಕಣ್ಣು' ಎಂದರು. ನಾಯಿ ತಡೆಯಿತು. ಇನ್ನೊಂದು ಸಲ ಅಂದರು. ನಾಯಿ ತಿಂದಿತು. ತಟ್ಟೆ ನೆಕ್ಕುವ ಸದ್ದು ಕೇಳಿಸಿಕೊಂಡ ಮೇಲೆ ಮುದುಕಿ 'ಆಯ್ತು' ಎಂದು ಎದ್ದಳು. ನಾಯಿಯನ್ನು ಮುಟ್ಟಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ನಾನು ಕೈ ಹಿಡಿದು ಕಾರಿನವರೆಗೆ ಕರೆತಂದೆ, ಹಿಂದಿನ ಸೀಟಿನಲ್ಲಿ ಕೂತಳು.

ಅವನು ಕಿಟಕಿ ಇಳಿಸಿ, ಕಲಿತುಕೊಂಡಿತಾ ಅಕ್ಕಾ ಅಂತ ಕೇಳಿದ. ಅವನ ದನಿಯಲ್ಲಿ ನಿಜವಾದ ಆತಂಕವಿತ್ತು ಅಂತ ನನ್ನ ಗಂಡ ಆಮೇಲೆ ಹೇಳಿದರು. ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

"ಕಲ್ತೈತೆ," ಎಂದೆ. "ಇನ್ನ ಎಲ್ಲಿ ಬುಟ್ರೂ ಬದುಕ್ಕಂತೈತೆ. ನಿಮ್ಮವ್ವ ಈ ವಯಸ್ನಾಗೆ ಒಸದು ಕಲಿಯಾಕಾಗಲ್ಲ. ಅವಳ್ನ ಎಲ್ಲೂ ಬುಟ್ಬರಬ್ಯಾಡ."

ಅವನು ಸ್ಟಿಯರಿಂಗ್ ಹಿಡಿದುಕೊಂಡು ಹಾಗೇ ಕೂತ. ಆಗ ಹಿಂದಿನ ಸೀಟಿನಿಂದ ಮುದುಕಿಯ ದನಿ ಬಂತು. "ಪೋಲಾಂ," ಎಂದಳು, "ವಂಡಿ ಎಡು." ಹೋಗೋಣ, ಗಾಡಿ ತೆಗೆ.

ಅವನು ಹೊಡೆಸಿಕೊಂಡವನ ಹಾಗೆ ಹಿಂದೆ ತಿರುಗಿ ತಾಯಿಯನ್ನು ನೋಡಿದ. ಅವನು ಹುಟ್ಟಿದಾಗಿನಿಂದ ಅವಳು ಅವನ ಜೊತೆ ತಮಿಳಿನಲ್ಲಿ ಮಾತಾಡಿದ್ದು ಅದೇ ಮೊದಲು. ಅವಳು ಈಗಲೂ ಅವನ ಹತ್ತಿರ ತಮಿಳಿನಲ್ಲೇ ಮಾತಾಡುತ್ತಾಳಂತೆ.